ರಾಯಪ್ಪನ ಅರ್ಧ ಮೀಸೆ

ಬಬಲೇಶ್ವರದ ಸಂತೆಕಟ್ಟೆಯ ಮಗ್ಗುಲಲ್ಲಿ ಹಗ್ಗ, ಮಿಣಿ, ಬಾರುಕೋಲು ಮಾರುತ್ತಿದ್ದ ರಾಯಪ್ಪನಿಗೆ ದೇವರು ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಅಂಗಡಿ ಕೊಟ್ಟಿದ್ದ, ಚಂದ್ರಾಬಾಯಿಯಂಥ ಹೆಂಡತಿಯನ್ನು ಕೊಟ್ಟಿದ್ದ, ಸಂತೆಗೆ ಬಂದವರು ನಿಂತು ನೋಡುವಂಥ ಮೀಸೆ ಕೊಟ್ಟಿದ್ದ. ಒಂದು ಮಾತನ್ನು ಮಾತ್ರ ಕೊಡಲು ಮರೆತಿದ್ದ. ‘ತಪ್ಪಾತು’ ಎಂಬುದು ಅವನ ಬಾಯಿಂದ ಹೊರಟದ್ದನ್ನು ಕೇಳಿದವರು ಊರಲ್ಲಿ ಯಾರೂ ಇರಲಿಲ್ಲ. ಚಂದ್ರಾಬಾಯಿಯಂತೂ ಆ ಆಸೆಯನ್ನು ಬಿಟ್ಟು ಬಹಳ ವರ್ಷವಾಗಿತ್ತು.

ಹಿಂದೊಮ್ಮೆ ಗೆಳೆಯ ಬಂದೇನವಾಜನ ಮದುವೆಗೆಂದು ಬಾಗಲಕೋಟೆಗೆ ಹೊರಟವನು ವಿಜಾಪುರದ ಸ್ಟೇಷನ್ನಿನಲ್ಲಿ ಸೊಲ್ಲಾಪುರದ ಕಡೆ ಮುಖ ಮಾಡಿ ನಿಂತಿದ್ದ ಗಾಡಿ ಹತ್ತಿ ಕೂತ. ಪಕ್ಕದವನು ಪಾಪ, ಒಳ್ಳೆಯ ಮಾತಿನಲ್ಲಿ ತಿಳಿಸಿ ಹೇಳಿದ. ರಾಯಪ್ಪ ಮೀಸೆಯ ಮೇಲೆ ಕೈಯಾಡಿಸಿ, ತನಗೆ ಸೊಲ್ಲಾಪುರದಲ್ಲೇ ಕೆಲಸವಿದೆ ಎಂದ. ಗಾಡಿ ಬಿಟ್ಟಿತು. ಸೊಲ್ಲಾಪುರದಲ್ಲಿ ಅವನಿಗೆ ನೊಣ ಹೊಡೆಯುವ ಕೆಲಸವೂ ಇರಲಿಲ್ಲ. ಎರಡು ದಿನ ಧರ್ಮಶಾಲೆಯಲ್ಲಿ ಬಿದ್ದುಕೊಂಡಿದ್ದು, ಹೋದದ್ದಕ್ಕೆ ಸಾಕ್ಷಿ ಬೇಕಲ್ಲ ಎಂದು ಒಂದು ಚಾದರು ಕೊಂಡುಕೊಂಡು ಬಂದ. ಅಷ್ಟರಲ್ಲಿ ಬಂದೇನವಾಜನ ಮದುವೆ ಮುಗಿದು ಬೀಗರು ಊರು ಮುಟ್ಟಿದ್ದರು. ಚಾದರನ್ನು ಟಿಕೋಟಾದ ರುದ್ರವ್ವನಿಗೆ ಕೊಟ್ಟು, ನಿನ್ನ ಸಲುವಾಗಿಯೇ ಹೋಗಿದ್ದೆ ಎಂದು ಹೇಳಿದ. ರುದ್ರವ್ವ ಅವನ ತಾಯಿಯ ಅಕ್ಕ, ತಾಯಿ ತೀರಿದ ಮೇಲೆ ಎತ್ತಿ ಸಾಕಿದವಳು. ಸ್ವಂತ ಮಕ್ಕಳಿಲ್ಲದ ಅವಳಿಗೆ ಇವನೇ ಮಗ. ಇವನ ಮಾತಿಗೆ ಎಷ್ಟು ಬೆಲೆ ಕಟ್ಟಬೇಕೆಂಬುದು ಅವಳಿಗೆ ಗೊತ್ತಿತ್ತು. ಆದರೂ ಚಾದರು ಗಟ್ಟಿಯಾಗಿತ್ತು, ಇಟ್ಟುಕೊಂಡಳು.

ಇಂಥ ರಾಯಪ್ಪನ ಒಬ್ಬಳೇ ಮಗಳು ಸಾವಂತ್ರಿಯನ್ನು ಕಳ್ಳಕವಟಗಿಯ ಭಾಗಪ್ಪನ ಮಗ ಹಣಮಂತನಿಗೆ ಗೊತ್ತುಮಾಡಿದ್ದರು. ಯುದ್ಧ ನಡೆದಿದ್ದ ಕಾಲ. ಸಕ್ಕರೆ, ಸೀಮೆಎಣ್ಣೆ ಕಾರ್ಡಿನ ಮೇಲೆ ಸಿಗುತ್ತಿದ್ದವು, ಬಟ್ಟೆಯಂತೂ ಅಂಗಡಿಯವನ ದಯೆಯ ಮೇಲೆ. ಆದರೂ ಹುಡುಗ ಒಳ್ಳೆಯವನು, ಹುಡುಗಿ ಮನಸ್ಸಿಟ್ಟಿದ್ದಾಳೆ, ಇದ್ದುದರಲ್ಲೇ ಮಾಡಿ ಮುಗಿಸೋಣ ಎಂದು ಎರಡೂ ಮನೆಯವರು ಒಪ್ಪಿದ್ದರು. ಮದುವೆಗೆ ಇನ್ನು ಹದಿನೈದು ದಿನ. ಶಾವಿಗೆ ಹೊಸೆಯಲು ಸಾವಂತ್ರಿಯನ್ನು ಟಿಕೋಟಾಕ್ಕೆ ರುದ್ರವ್ವನ ಮನೆಗೆ ಕಳಿಸಿ, ರಾಯಪ್ಪ ಧಾರೆಯ ಸೀರೆ ತರಲು ವಿಜಾಪುರಕ್ಕೆ ಹೋದ.

ಸ್ಟೇಷನ್ ರಸ್ತೆಯಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಅವನ ಕಣ್ಣಿಗೆ ಬಿದ್ದದ್ದು ಸೀರೆಯಲ್ಲ, ಅಳಿಯನಾಗುವ ಹಣಮಂತ. ಅವನು ಬಳೆ ಅಂಗಡಿಯ ಮುಂದೆ ನಿಂತು ಹಸಿರು ಬಳೆ ಆರಿಸುತ್ತಿದ್ದ. ಮುಖದ ಮೇಲೆ ಮೀಸೆ ಇರಲಿಲ್ಲ. ಮೂಗಿನ ಕೆಳಗೆ ನುಣ್ಣಗೆ ಬೋಳಿಸಿತ್ತು.

ರಾಯಪ್ಪ ನಡುರಸ್ತೆಯಲ್ಲೇ ನಿಂತು ಲೆಕ್ಕ ಹಾಕತೊಡಗಿದ. ಅವರ ಮಂದಿಯಲ್ಲಿ ತಂದೆಯೋ ತಾಯಿಯೋ ತೀರಿದಾಗಲ್ಲದೆ ಗಂಡಸು ಮೀಸೆಗೆ ಕತ್ತಿ ಮುಟ್ಟಿಸುವುದಿಲ್ಲ. ಇಬ್ಬರೂ ಬದುಕಿರುವಾಗ ಮೀಸೆ ತೆಗೆಸಿದವನನ್ನು ಮನೆಯ ಹೊಸ್ತಿಲು ದಾಟಿಸುವುದಿಲ್ಲ. ಅಂದ ಮೇಲೆ ಇಬ್ಬರಲ್ಲಿ ಒಬ್ಬರು ಹೋದರು. ಇನ್ನು ಹಸಿರು ಬಳೆ? ಗಂಡ ತೀರಿದ ಹೆಂಗಸಿಗೆ ಕಡೆಯ ಸಲ ಕೈತುಂಬ ಬಳೆ ಇಡಿಸಿ ಆಮೇಲೆ ಒಡೆಯುವ ಪದ್ಧತಿ ಉಂಟು. ತಾಯಿಗೆ ಆ ಬಳೆ ಒಯ್ಯುತ್ತಿದ್ದಾನೆ, ಅಂದರೆ ಹೋದವನು ಭಾಗಪ್ಪನೇ. ಲೆಕ್ಕ ಸರಿಯಾಗಿ ಕೂಡಿತು. ಅಷ್ಟರಲ್ಲಿ ಹಣಮಂತ ತಿರುಗಿ ನೋಡಿದ, ಭೂತ ಕಂಡವನಂತೆ ಬೆಚ್ಚಿದ, ಹೆಗಲ ಮೇಲಿನ ಟವೆಲು ಮುಖಕ್ಕೆ ಮುಚ್ಚಿಕೊಂಡು ಪಕ್ಕದ ಓಣಿಯಲ್ಲಿ ಮಾಯವಾದ. ದುಃಖ ತಡೆಯಲಾರದೆ ಓಡಿತು ಕೂಸು ಎಂದು ರಾಯಪ್ಪನ ಕಣ್ಣಲ್ಲಿ ನೀರು ಬಂತು. ಬಳೆ ಅಂಗಡಿಯವನನ್ನು ಒಂದು ಮಾತು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳುವುದು ರಾಯಪ್ಪನ ಮನೆತನದಲ್ಲಿ ಬಂದದ್ದಲ್ಲ.

ಸಂಜೆ ಊರು ಮುಟ್ಟಿ ಸುದ್ದಿ ಹೇಳಿದಾಗ ಚಂದ್ರಾಬಾಯಿ ಮೊದಲು ಅತ್ತಳು, ಆಮೇಲೆ ಒಂದು ಪ್ರಶ್ನೆ ಕೇಳಿದಳು. ಬೀಗರು ತೀರಿದರೆ ನಮಗೆ ಹೇಳಿಕಳಿಸದೆ ಇರುತ್ತಾರೆಯೇ? ಹೇಳಲು ಹೊರಟವನು ದಾರಿಯಲ್ಲಿ ಎಲ್ಲೋ ಕುಡಿದು ಬಿದ್ದಿರಬೇಕು ಎಂದು ರಾಯಪ್ಪ ಕಾಣದ ಮನುಷ್ಯನ ಮೇಲೆ ಹೊರಿಸಿದ. ಇನ್ನೊಮ್ಮೆ ವಿಚಾರಿಸಿ ಹೊರಡೋಣ ಎಂದಳು. ನನ್ನ ಕಣ್ಣು ಏನು ಕುರುಡೇ ಎಂದು ಅವನು ಗುಡುಗಿದ. ಓಣಿಯ ಹೆಂಗಸರು ನೆರೆದರು. ಬಬಲೇಶ್ವರದಲ್ಲಿ ಹಾಡಿಕೊಂಡು ಅಳುವುದರಲ್ಲಿ ಹೆಸರಾದ ಮೂವರು ಸೀರೆ ಬದಲಿಸಿ ಬಂದು ಕೂತರು. ಎರಡು ಬಂಡಿ ಹೂಡಿದರು. ರಾತ್ರಿಯೆಲ್ಲ ಬಂಡಿ ಹೊಡೆದರು. ಸತ್ತವರ ಮನೆಗೆ ಹೊರಟವರು ನಡುವೆ ಯಾರ ಮನೆಯನ್ನೂ ಹೊಗಬಾರದೆಂದು ಟಿಕೋಟಾದಲ್ಲಿ ರುದ್ರವ್ವನ ಬಾಗಿಲು ಬಡಿಯದೆ ದಾಟಿದರು. ಬೆಳಗಾಗಿ ಸ್ವಲ್ಪ ಹೊತ್ತಿಗೆ ಕಳ್ಳಕವಟಗಿಯ ಅಗಸೆಬಾಗಿಲು ಕಂಡಿತು.

ಅಗಸೆಯಲ್ಲೇ ಬಂಡಿ ಇಳಿದು, ಹೆಂಗಸರು ತಲೆಯ ಮೇಲೆ ಸೆರಗು ಎಳೆದು ದನಿ ತೆಗೆದರು. ರಾಯಪ್ಪ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಮುಂದೆ ನಡೆದ. ಅಳುತ್ತ ಬಂದವರನ್ನು ನಿಲ್ಲಿಸಿ ಯಾರು ಸತ್ತರು ಎಂದು ಕೇಳುವುದು ಆ ಸೀಮೆಯಲ್ಲಿ ಮರ್ಯಾದೆಯಲ್ಲ. ಮೊದಲು ಕೂಡಿ ಅಳಬೇಕು, ಆಮೇಲೆ ಕೇಳಬೇಕು. ಹೀಗಾಗಿ ಬಾವಿಗೆ ಹೊರಟ ಹೆಂಗಸರು ಕೊಡ ಇಳಿಸಿ ಸೇರಿಕೊಂಡರು. ಕಟ್ಟೆಯ ಮೇಲಿನ ಮುದುಕರು ರುಮಾಲು ತೆಗೆದು ಹಿಂದೆ ನಡೆದರು. ಭಾಗಪ್ಪನ ಮನೆ ಬರುವಷ್ಟರಲ್ಲಿ ಅರ್ಧ ಊರು ಅಳುತ್ತಿತ್ತು, ಯಾರಿಗಾಗಿ ಎಂದು ಒಬ್ಬರಿಗೂ ಗೊತ್ತಿರಲಿಲ್ಲ.

ಭಾಗಪ್ಪ ಹಿತ್ತಲಲ್ಲಿ ಎತ್ತಿಗೆ ಹೊಟ್ಟು ಹಾಕುತ್ತಿದ್ದ. ಗದ್ದಲ ಕೇಳಿ ಹೊರಗೆ ಬಂದ. ನೋಡುತ್ತಾನೆ, ಬೀಗರು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಎದೆ ಬಡಿದುಕೊಳ್ಳುತ್ತ ಬರುತ್ತಿದ್ದಾರೆ. ಅವರ ಮನೆಯಲ್ಲಿ ದೊಡ್ಡ ಸಾವೇ ಆಗಿರಬೇಕು ಎಂದುಕೊಂಡು ಆ ಮೆತ್ತನೆಯ ಮನುಷ್ಯ ಓಡಿ ಬಂದು ರಾಯಪ್ಪನನ್ನು ತಬ್ಬಿ ಗೊಳೋ ಎಂದು ಅತ್ತ. ರಾಯಪ್ಪನೂ ಕಣ್ಣು ಮುಚ್ಚಿ, ತಬ್ಬಿದವನ ಭುಜದ ಮೇಲೆ ತಲೆಯಿಟ್ಟು, ಎಂಥ ಮನುಷ್ಯ ಹೋಗಿಬಿಟ್ಟ ಎಂದು ಅತ್ತ. ಹೌದು ಹೌದು ಎಂದು ಭಾಗಪ್ಪ ತನ್ನ ಸಾವಿಗೆ ತಾನೇ ಬಿಕ್ಕಿದ. ಹೀಗೆ ಸತ್ತವನೂ ಅಳಲು ಬಂದವನೂ ಒಬ್ಬರನ್ನೊಬ್ಬರು ಸಮಾಧಾನ ಮಾಡುತ್ತ ಬಹಳ ಹೊತ್ತು ನಿಂತಿದ್ದರು. ಆಮೇಲೆ ರಾಯಪ್ಪ ಕಣ್ಣು ಒರೆಸಿಕೊಂಡು ನೋಡಿದ.

ಹಿಂದಿನಿಂದ ಚಂದ್ರಾಬಾಯಿಯ ಅಳು ಥಟ್ಟನೆ ನಿಂತದ್ದು ಕೇಳಿಸಿತು.

ಭಾಗಪ್ಪನ ಹಿಂದೆ ಹಣಮಂತ ಗದ್ದ, ಬಾಯಿ ಸುತ್ತಿ ಟವೆಲು ಕಟ್ಟಿಕೊಂಡು ನಿಂತಿದ್ದ. ಹಲ್ಲುಬೇನೆಗೆ ಔಷಧ ತರಲು ನಿನ್ನೆ ವಿಜಾಪುರಕ್ಕೆ ಹೋಗಿದ್ದನಂತೆ. ಟವೆಲಿನ ಮೇಲಿಂದ ಅವನ ಎರಡು ಕಣ್ಣು ರಾಯಪ್ಪನನ್ನು ಬೇಡಿಕೊಳ್ಳುತ್ತಿದ್ದವು. ‘ಬೀಗರ, ನೀವು ತೀರಿಕೊಂಡಿರಿ ಅಂತ ತಿಳಿದು ಬಂದೆ, ತಪ್ಪಾತು’ ಎಂದು ರಾಯಪ್ಪ ಅಂದಿದ್ದರೆ ಅವರು ನಕ್ಕು, ಬೆಲ್ಲ ನೀರು ಕೊಟ್ಟು, ಊಟ ಹಾಕಿ ಕಳಿಸುತ್ತಿದ್ದರು. ಅಷ್ಟರಲ್ಲಿ ಭಾಗಪ್ಪ ಯಾರು ತೀರಿದರೆಂದು ಮೆಲ್ಲಗೆ ಕೇಳಿದ. ರಾಯಪ್ಪನ ನಾಲಿಗೆ ಆ ಒಂದು ಮಾತನ್ನು ಬಿಟ್ಟು ಬೇರೆ ಯಾವ ಮಾತಾದರೂ ಆಡಲು ಸಿದ್ಧವಿತ್ತು.

“ನಮ್ಮ ದೊಡ್ಡವ್ವ ಹೋದಳ್ರಿ, ಟಿಕೋಟಾದಾಗ” ಎಂದ.

ಬಬಲೇಶ್ವರದ ಹೆಂಗಸರು ಪರಸ್ಪರ ಮುಖ ನೋಡಿಕೊಂಡರು. ಬೀಗರ ಮುಂದೆ ಗಂಡನ ಮಾನ ತೆಗೆಯಬಾರದೆಂದು ಚಂದ್ರಾಬಾಯಿ ಬಾಯಿಗೆ ಸೆರಗು ತುರುಕಿಕೊಂಡಳು. ಇಷ್ಟು ಹೊತ್ತು ‘ಯಪ್ಪಾ’ ಎಂದು ಅಳುತ್ತಿದ್ದಿರಲ್ಲ ಎಂದು ಭಾಗಪ್ಪನ ಹೆಂಡತಿ ಸಣ್ಣಗೆ ಕೇಳಿದಳು. ದುಃಖದಲ್ಲಿ ಯಾರಿಗೆ ಏನು ಅಂತೀವೋ ತಿಳಿಯೋದಿಲ್ಲ ಎಂದು ರಾಯಪ್ಪ ಅದನ್ನೂ ಸಂಭಾಳಿಸಿದ. ಭಾಗಪ್ಪನಿಗೆ ಮಾತ್ರ ಎದೆ ತುಂಬಿ ಬಂತು. ಮನೆಯಲ್ಲಿ ಹೆಣ ಬಿಟ್ಟು, ಬೀಗರಿಗೆ ಆಳಿನ ಕೈಲಿ ಹೇಳಿಕಳಿಸದೆ ಖುದ್ದು ಬಂದಿದ್ದಾರೆ! ಇಂಥ ಬೀಗರು ಯಾರಿಗೆ ಸಿಗುತ್ತಾರೆ ಎಂದು ಓಣಿಯವರಿಗೆಲ್ಲ ಕೇಳುವಂತೆ ಹೇಳಿದ. ಮಣ್ಣು ಕೊಡಲು ಹೊತ್ತಾಗಬಾರದು, ಈಗಲೇ ಹೊರಡಬೇಕು ಎಂದು ಮೂರು ಬಂಡಿ ಹೂಡಿಸಿದ. ಬೇಡವೆಂದರೂ ಕೇಳಲಿಲ್ಲ.

ದಾರಿಯಲ್ಲಿ ರಾಯಪ್ಪ ತಾನೊಬ್ಬನೇ ಮುಂದೆ ಓಡಿಹೋಗಿ ರುದ್ರವ್ವನನ್ನು ಹೇಗಾದರೂ ಎಲ್ಲಿಯಾದರೂ ಅಡಗಿಸಬೇಕೆಂದು ನೋಡಿದ. ಭಾಗಪ್ಪ ಅವನ ರಟ್ಟೆ ಬಿಡಲಿಲ್ಲ. ದುಃಖದಲ್ಲಿದ್ದವರನ್ನು ಒಂಟಿಯಾಗಿ ಬಿಡಬಾರದಂತೆ. ಟಿಕೋಟಾ ಇನ್ನೇನು ಬಂತು ಎನ್ನುವಾಗ ಭಾಗಪ್ಪ ಬಹಳ ಸಂಕೋಚದಿಂದ ಮದುವೆಯ ಮಾತು ತೆಗೆದ. ತಾಯಿಯಂತೆ ಸಾಕಿದವಳು ಹೋದ ಮೇಲೆ ವರ್ಷ ತುಂಬುವ ತನಕ ಶುಭಕಾರ್ಯ ಮಾಡುವಂತಿಲ್ಲ, ಮುಂದಿನ ವರ್ಷ ನೋಡೋಣ ಎಂದ. ರಾಯಪ್ಪನಿಗೆ ಆಗ ಮೊದಲ ಸಲ ತನ್ನ ಮಗಳ ನೆನಪಾಯಿತು.

ರುದ್ರವ್ವ ಅಂಗಳದಲ್ಲಿ ಹೊರಸಿನ ಮೇಲೆ ಶಾವಿಗೆ ಒಣಹಾಕುತ್ತಿದ್ದಳು, ಸಾವಂತ್ರಿ ಪಕ್ಕದಲ್ಲಿ ಎಳೆ ಬಿಡಿಸುತ್ತಿದ್ದಳು. ಐದು ಬಂಡಿ ಮಂದಿ ಅಳುತ್ತ ಬಂದು ಅಂಗಳದ ಮುಂದೆ ಇಳಿದು, ಹೊರಸಿನ ಹತ್ತಿರ ನಿಂತವಳನ್ನು ನೋಡಿ ಒಮ್ಮೆಲೆ ಬಾಯಿ ಮುಚ್ಚಿತು. ಕಡೆಗೆ ಭಾಗಪ್ಪ ಕೈ ಮುಗಿದು, ನೀವು ತೀರಿಕೊಂಡಿರಿ ಎಂದು ಕೇಳಿ ಬಂದೆವು ಎಂದ. ಯಾರು ಹೇಳಿದರು ಎಂದು ಅವಳು ಕೇಳಿದಳು. ಎಲ್ಲರೂ ರಾಯಪ್ಪನನ್ನು ನೋಡಿದರು.

ರಾಯಪ್ಪ ಗಂಟಲು ಸರಿಮಾಡಿಕೊಂಡ. “ನಸುಕಿನ್ಯಾಗ ಸತ್ತಿದ್ಲು. ಈಗ ಎದ್ದಿರಬೇಕು” ಎಂದ.

ರುದ್ರವ್ವ ಅವನನ್ನು ಅಡಿಯಿಂದ ಮುಡಿಯ ತನಕ ಒಮ್ಮೆ ನೋಡಿದಳು. ಚಿಕ್ಕಂದಿನಲ್ಲಿ ಗಡಿಗೆ ಒಡೆದು ಬೆಕ್ಕಿನ ಮೇಲೆ ಹೇಳಿದಾಗ ನೋಡುತ್ತಿದ್ದಳಲ್ಲ, ಅದೇ ನೋಟ. ಆಮೇಲೆ ಕೈಗಂಟಿದ ಹಿಟ್ಟು ಒರೆಸಿಕೊಂಡು ಒಳಗೆ ಹೋದಳು. ಸೊಲ್ಲಾಪುರದ ಚಾದರು ತಂದು ಪಡಸಾಲೆಯಲ್ಲಿ ಹಾಸಿದಳು. ಹೆಣದಂತೆ ದಕ್ಷಿಣಕ್ಕೆ ತಲೆ ಮಾಡಿ ಉದ್ದಕ್ಕೆ ಮಲಗಿ, ಉಳಿದರ್ಧ ಚಾದರು ಕುತ್ತಿಗೆಯ ತನಕ ಎಳೆದುಕೊಂಡಳು.

“ನಮ್ಮ ರಾಯಪ್ಪ ಹುಟ್ಟಿದಾಗಿಂದ ಒಮ್ಮಿನೂ ತಪ್ಪಿಲ್ಲ. ಅವ ಸತ್ತಾಳ ಅಂದ ಮ್ಯಾಲೆ ನಾ ಸತ್ತೇನಿ. ಮಣ್ಣಿನ ತಯಾರಿ ಮಾಡ್ರಿ” ಎಂದು ಕಣ್ಣು ಮುಚ್ಚಿದಳು.

ಹೆಂಗಸರಿಗೆ ಅಳಬೇಕೋ ಬಿಡಬೇಕೋ ತಿಳಿಯಲಿಲ್ಲ. ಹಾಡಿಕೊಂಡು ಅಳುವ ಮೂವರಲ್ಲಿ ಒಬ್ಬಳು ರೂಢಿಯ ಮೇಲೆ ದನಿ ತೆಗೆದಳು. ಸ್ವಲ್ಪ ಎತ್ತರಿಸಿ ಹಾಡವ್ವಾ ಎಂದು ಹೆಣ ಹೇಳಿತು. ಅಷ್ಟರಲ್ಲಿ ಗದ್ದಲ ಕೇಳಿ ಊರ ಪೊಲೀಸ್ ಪಾಟೀಲ ಬಸಗೊಂಡಪ್ಪ ಬಂದ. ಸರಕಾರದ ಮನುಷ್ಯ, ನೋಡಿದ್ದಕ್ಕಿಂತ ಹೇಳಿದ್ದನ್ನು ಹೆಚ್ಚು ನಂಬುವವನು. ಸಾವು ಆಗಿದೆ ಎಂದು ಐದು ಬಂಡಿ ಸಾಕ್ಷಿ ಇರುವಾಗ ಇಲ್ಲವೆನ್ನಲು ತನಗೆ ಅಧಿಕಾರವಿಲ್ಲ ಎಂದು ನಿಂತ. ಸತ್ತವರ ಸಕ್ಕರೆ ಕಾರ್ಡು ಇವತ್ತೇ ಜಮಾ ಆಗಬೇಕೆಂದು ಕೇಳಿದ. ಗೂಡಿನಲ್ಲಿದೆ, ತಗೊಂಡು ಹೋಗು ಎಂದಳು ರುದ್ರವ್ವ ಕಣ್ಣು ತೆರೆಯದೆ. ಅವನು ಒಯ್ದೇ ಬಿಟ್ಟ. ಯುದ್ಧದ ಕಾಲದಲ್ಲಿ ಸಕ್ಕರೆ ಬಿಟ್ಟುಕೊಡುವವರು ಖರೇ ಸತ್ತವರೇ ಇರಬೇಕು ಎಂದು ನೆರೆದವರಲ್ಲಿ ಕೆಲವರಿಗೆ ಅನುಮಾನ ಹತ್ತಿತು.

ಆಗ ಹೆಣ ಇನ್ನೊಂದು ಅಪ್ಪಣೆ ಕೊಟ್ಟಿತು. ತನಗೆ ರಾಯಪ್ಪನೇ ಮಗ, ಕ್ರಿಯೆ ಅವನೇ ಮಾಡಬೇಕು, ಕ್ಷೌರದ ಮಲಕಾಜಪ್ಪನನ್ನು ಕರೆಸಿ ಅವನ ಮೀಸೆ ತೆಗೆಸಿರಿ. ರಾಯಪ್ಪನ ಕೈ ತಾನಾಗಿ ಮೀಸೆಗೆ ಹೋಯಿತು. ಮಲಕಾಜಪ್ಪ ಬಂದ, ಮಣೆ ಹಾಕಿದ, ನೀರು ಹಚ್ಚಿದ. ಇಷ್ಟು ದೊಡ್ಡ ಮೀಸೆಗೆ ಕತ್ತಿ ಇನ್ನೊಮ್ಮೆ ಮಸೆಯಬೇಕು ಎಂದು ನಿಧಾನವಾಗಿ ಮಸೆಯುತ್ತ ಕೂತ. ಅಂಗಳದ ತುಂಬ ಜನ.

ಆಗ ಭಾಗಪ್ಪ ಮುಂದೆ ಬಂದ. ಮೆತ್ತನೆಯ ಮನುಷ್ಯನ ಮುಖ ಬಿಗಿದಿತ್ತು. “ಬೀಗರ, ಖರೇ ಅಂದ್ರ ವರ್ಷ ತನಕ ಮದುವಿ ಇಲ್ಲ. ಸುಳ್ಳು ಅಂದ್ರ ಯಾಕ ಹೇಳಿದಿರಿ ಅಂತ ಹೇಳ್ರಿ. ಅದನ್ನೂ ಹೇಳದವರ ಮನಿಗೆ ನಾ ಮಗನ್ನ ಕೊಡಂಗಿಲ್ಲ” ಎಂದ.

ಬಾಗಿಲಲ್ಲಿ ನಿಂತಿದ್ದ ಸಾವಂತ್ರಿಯ ಮುಖ ಸುಣ್ಣದಂತೆ ಬಿಳಿಚಿತು. ಅದನ್ನು ಹಣಮಂತ ನೋಡಿದ. ನೋಡಿದವನೇ ಗದ್ದಕ್ಕೆ ಕಟ್ಟಿದ್ದ ಟವೆಲು ಬಿಚ್ಚಿದ. ಅಂಗಳದಲ್ಲಿ ಒಂದು ದೊಡ್ಡ ಉಸಿರು ಎದ್ದಿತು. ವಿಜಾಪುರದ ನಾಟಕದವರಿಗೆ ಹೆಣ್ಣುಪಾತ್ರದ ಮನುಷ್ಯ ಜ್ವರ ಬಂದು ಮಲಗಿದನಂತೆ. ಗೆಳೆಯರ ಮಾತಿಗೆ ಮರುಳಾಗಿ ಇವನು ಒಪ್ಪಿಕೊಂಡು, ಮೀಸೆ ಬೋಳಿಸಿ, ಕೈಗೆ ಬಳೆ ಕೊಳ್ಳುವಾಗ ಮಾವನ ಕಣ್ಣಿಗೆ ಬಿದ್ದಿದ್ದನಂತೆ. ಎಲ್ಲ ಹೇಳಿ ತಂದೆಯ ಮುಂದೆ ತಲೆ ತಗ್ಗಿಸಿದ.

“ನಂದ ತಪ್ಪಾತಪ್ಪಾ” ಎಂದ.

ಭಾಗಪ್ಪ ಹೊಡೆಯಲು ಕೈಯೆತ್ತಿದ. ನಾನು ಗಟ್ಟಿಮುಟ್ಟಾಗಿ ಇರುವಾಗಲೇ ಮೀಸೆ ತೆಗೆಸಿದೆಯಾ ಎಂದು ಬೈದ. ಎತ್ತಿದ ಕೈಯಿಂದ ಹೊಡೆಯದೆ, ಅದರಿಂದಲೇ ತನ್ನ ಹಣೆ ಬಡಿದುಕೊಂಡು ಕಟ್ಟೆಯ ಮೇಲೆ ಕೂತ. ಅಷ್ಟೇ. ರಾಯಪ್ಪ ಮಣೆಯ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಹುಡುಗ ಆ ಮಾತು ಆಡಿದ, ಮನೆಯ ಮಾಳಿಗೆ ಕುಸಿಯಲಿಲ್ಲ, ಯಾರೂ ನಗಲಿಲ್ಲ. ಒಬ್ಬ ಮುದುಕನಂತೂ ಹುಡುಗನ ಬೆನ್ನು ತಟ್ಟಿದ. ಆದರೆ ಹಳೆಯ ರೂಢಿ ಅಷ್ಟು ಬೇಗ ಬಿಡುತ್ತದೆಯೇ? ರಾಯಪ್ಪ ಒದ್ದೆ ಮೀಸೆಯ ಕೆಳಗಿಂದ ಗೆದ್ದವನ ದನಿ ತೆಗೆದು, ನೋಡಿದಿರಾ, ಮೀಸೆ ಇರಲಿಲ್ಲ ಎಂದ ನನ್ನ ಕಣ್ಣು ಸುಳ್ಳಾಯಿತೇ, ಈ ಬೋಳು ಮುಖ ನೋಡಿದವರು ಯಾರೇ ಆದರೂ ಭಾಗಪ್ಪ ಸತ್ತ ಎಂದೇ ತಿಳಿಯುತ್ತಿದ್ದರು, ನನ್ನದೇನೂ ಇದರಲ್ಲಿ ಇಲ್ಲ ಎಂದ.

ಚಾದರಿನೊಳಗಿಂದ ಮಾತು ಬಂತು. “ಹಂಗಾದ್ರ ನಾ ಇನ್ನೂ ಸತ್ತೇನಿ. ಮಲಕಾಜಪ್ಪ, ಕತ್ತಿ ಹಚ್ಚು.”

ಮಲಕಾಜಪ್ಪ ಹಚ್ಚಿದ. ಎಡಗಡೆಯ ಮೀಸೆ ಒಂದೇ ಎಳೆತಕ್ಕೆ ರಾಯಪ್ಪನ ಮಡಿಲಿಗೆ ಬಿತ್ತು. ಸಾಕಿದ ಪ್ರಾಣಿ ಸತ್ತಂತೆ ಅವನು ಅದನ್ನೇ ನೋಡಿದ. ಆಗ ಸಾವಂತ್ರಿ ಹೊಸ್ತಿಲು ದಾಟಿ ಬಂದು ಅವನ ಎದುರು ಕೂತಳು. ಅಳುತ್ತಿರಲಿಲ್ಲ.

“ಯಪ್ಪಾ, ಸೊಲ್ಲಾಪುರದಾಗ ಎರಡು ದಿನ ಕೂತು ಕಡೀಕೆ ತಿರುಗಿ ಬಂದಿ ಹೌದಲ್ಲ. ನನ್ನ ಸಲುವಾಗಿ ಇವತ್ತ ಬಂದುಬಿಡು” ಎಂದಳು.

ರಾಯಪ್ಪ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಅರ್ಧ ಮೀಸೆ ಗಡಗಡ ನಡುಗಿತು. ಕೆಮ್ಮು ಬಂದು, ಕಣ್ಣಲ್ಲಿ ನೀರು ಬಂತು. ಚಂದ್ರಾಬಾಯಿ ಓಡಿಹೋಗಿ ಒಂದು ತಂಬಿಗೆ ನೀರು ತಂದಳು. ಕುಡಿದ.

“ತಪ್ಪಾತು” ಎಂದ. ಒಮ್ಮೆ ದಾರಿಯಾದ ಮೇಲೆ ಉಳಿದದ್ದು ತಾನೇ ಹರಿದು ಬಂತು. “ಕೇಳದ ತಿಳಕೊಂಡೆ, ತಪ್ಪಾತು. ಬೀಗರ ಮುಂದ ಸುಳ್ಳು ಹೇಳಿದೆ, ತಪ್ಪಾತು. ದೊಡ್ಡವ್ವನ್ನ ಸಾಯಿಸಿದೆ, ತಪ್ಪಾತು.”

ರುದ್ರವ್ವ ಎದ್ದು ಕೂತಳು. ಚಾದರು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟಳು. ಶಾವಿಗೆ ಹೆಚ್ಚು ಒಣಗಿ ಮುರಿದಾವು ಎಂದು ಅಂಗಳಕ್ಕೆ ಇಳಿದಳು. ಇಳಿಯುವಾಗ ಅವನ ತಲೆ ಸವರಿ, ಉಳಿದರ್ಧವನ್ನೂ ತೆಗೆಸಿಕೋ, ಹೀಗೆ ಬಿಟ್ಟರೆ ಕೂಸುಗಳು ಅಂಜುತ್ತವೆ ಎಂದಳು. ಭಾಗಪ್ಪ ಮೊದಲು ಮುಖ ತಿರುಗಿಸಿದ. ಆಮೇಲೆ ಅವನ ಹೆಗಲು ಕುಲುಕತೊಡಗಿದವು. ಬೆಳಿಗ್ಗೆ ತನ್ನ ಸಾವಿಗೆ ತಾನೇ ಅತ್ತದ್ದು ನೆನಪಾಗಿ ಆ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಐದು ಬಂಡಿ ಮಂದಿ ಅಲ್ಲೇ ಉಂಡರು. ಬದುಕಿ ಬಂದವಳ ಸಕ್ಕರೆ ಕಾರ್ಡು ವಾಪಸು ಪಡೆಯಲು ಮಾತ್ರ ತಾಲೂಕು ಕಚೇರಿಗೆ ಹಲವು ಸಲ ಅಲೆಯಬೇಕಾಯಿತು, ಅದನ್ನು ರಾಯಪ್ಪನೇ ಅಲೆದ.

ಮದುವೆ ಹೇಳಿದ ದಿನವೇ ಆಯಿತು. ಬಬಲೇಶ್ವರದ ಹಂದರದ ಬಾಗಿಲಲ್ಲಿ ಮದುಮಗನಿಗೂ ಮೀಸೆ ಇಲ್ಲ, ಮಾವನಿಗೂ ಮೀಸೆ ಇಲ್ಲ. ದೂರದೂರಿಂದ ಬಂದ ನೆಂಟರು ಒಬ್ಬೊಬ್ಬರಾಗಿ ಬಾಗಿಲಲ್ಲಿ ತಡೆದು ನಿಂತು, ದನಿ ತಗ್ಗಿಸಿ, ಎರಡೂ ಮನೆಯಲ್ಲಿ ಯಾರು ತೀರಿದರು ಎಂದು ಕೇಳುವವರೇ. ಯಾರೂ ತೀರಿಲ್ಲ, ನನ್ನದೇ ತಪ್ಪಾಗಿತ್ತು ಎಂದು ರಾಯಪ್ಪ ಒಬ್ಬೊಬ್ಬರಿಗೂ ಹೇಳಿದ. ಹೊತ್ತು ಏರುವಷ್ಟರಲ್ಲಿ ಆ ಮಾತು ಅವನ ಬಾಯಲ್ಲಿ ಬರ್ರಿ, ಕೂಡ್ರಿ ಎನ್ನುವಷ್ಟು ಸಲೀಸಾಗಿತ್ತು. ಚಂದ್ರಾಬಾಯಿ ಕೆಲಸವಿಲ್ಲದಿದ್ದರೂ ಎರಡು ಮೂರು ಸಲ ಬಾಗಿಲ ಹತ್ತಿರ ಬಂದು ಕೇಳಿ ಹೋದಳು.

ಎಲ್ಲರಿಗಿಂತ ಕಡೆಗೆ ಬಾಗಲಕೋಟೆಯಿಂದ ಬಂದೇನವಾಜ ಬಂದ. ಅವನೂ ಬಾಗಿಲಲ್ಲಿ ತಡೆದು ನಿಂತ, ಅವನೂ ಗೆಳೆಯನ ಬೋಳು ಮೂತಿ ನೋಡಿ ಗಾಬರಿಯಾದ, ಅವನೂ ಕೇಳಿದ. ಯಾರೂ ತೀರಿಲ್ಲ ಎಂದ ರಾಯಪ್ಪ. ಆಮೇಲೆ ಇಲ್ಲದ ಮೀಸೆಯ ಮೇಲೆ ಕೈಯಾಡಿಸಿಕೊಂಡ.

“ನಿನ್ನ ಮದುವೀಗೆ ಹೊಂಟಾಗ ನಾ ಗಾಡಿ ತಪ್ಪಿ ಹತ್ತಿದ್ದೆ ನೋಡು” ಎಂದ.

ಬಂದೇನವಾಜ ಅವನ ಕೈ ಹಿಡಿದುಕೊಂಡು ಊಟದ ಸಾಲಿನ ಕಡೆ ನಡೆದ. “ಗೊತ್ತಿತ್ತು ಬಿಡೋ. ಸೊಲ್ಲಾಪುರದಾಗ ನಿನಗ ಏನು ಕೆಲಸ” ಎಂದ.